ಅರ್ಜೆಂಟ್: "ನಾನು" ಬಿಡೋದಕ್ಕೆ ಕನ್ನಡದಲ್ಲಿ ಏನಂತೀರಿ? ನಾಳೆ ಬೋರ್ಡ್ ಪ್ರಿಂಟಿಗೆ ಹೋಗ್ಬೇಕು

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಧ್ಯಾನದ ಹಾಲ್ ಶುರುವಾಗ್ತಿದೆ, ಒಳಗೆ ಮೂರು ಬೋರ್ಡು ಬೇಕಂತೆ, ವನ್‌ನೆಸ್, ಇಲ್ಯೂಷನ್, ಲೆಟಿಂಗ್ ಗೋ ಆಫ್ ದ ಸೆಲ್ಫ್ ಅಂತ ಇಂಗ್ಲಿಷಲ್ಲಿ ಬರೆದು ನನ್ನ ಕೈಗಿಟ್ಟಿದಾರೆ. ಐಕ್ಯ, ಮಾಯೆ ಅಂತ ಎರಡು ಹಾಕಿದೀನಿ. ಮೂರನೇದಕ್ಕೆ ಆತ್ಮತ್ಯಾಗ ಅಂದ್ರೆ ಯಾರೋ ಯುದ್ಧದಾಗೆ ಸತ್ತಂಗೈತಲ್ರೀ ಅಂದ್ರು, ಅಹಂಕಾರ ಬಿಡಿ ಅಂದ್ರೆ ಬಂದೋರಿಗೆ ಬೈದಂಗಾಗುತ್ತೆ. ಫ್ಲೆಕ್ಸ್‌ನೋನು ಬೆಳಗ್ಗೆನೇ ಮ್ಯಾಟರ್ ಕೇಳ್ತಾನೆ.

ಚಿತ್ರದುರ್ಗದಿಂದ:
> ಆತ್ಮತ್ಯಾಗ
ತಪ್ಪು. ಅದ್ವೈತದಲ್ಲಿ ಆತ್ಮ ಬಿಡೋ ವಸ್ತುವೇ ಅಲ್ಲ, ಎಲ್ಲಾ ಬಿಟ್ಟ ಮೇಲೆ ಉಳಿಯೋದೇ ಅದು. ಬೌದ್ಧರು ಹಂಗೆ ಉಳಿಯೋದು ಏನೂ ಇಲ್ಲ ಅಂತ ಅನಾತ್ಮ ಅಂದ್ರು. ಹಾಲ್‌ನೋರು ಯಾವ ಕಡೆ ಅಂತ ಮೊದ್ಲು ಕೇಳ್ಕೊಂಡು ಬನ್ನಿ. ಅಹಂಕಾರವೇ ಸರಿ. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಅಂತ ಅಂತಃಕರಣದ ನಾಲ್ಕರಲ್ಲಿ ಒಂದದು, "ನಾನು ಮಾಡ್ದೆ, ಇದು ನಂದು" ಅನ್ನೋದೇ ಅದರ ಕೆಲಸ. ಜನ ಸೊಕ್ಕು ಅಂತ ತಿಳ್ಕೊಂಡ್ರೆ ಶಾಸ್ತ್ರದ ತಪ್ಪಲ್ಲ.

ಹರಿಹರದಿಂದ:
ಸಂಸ್ಕ್ರುತ ಬಿಟ್ರೆ ಬಾಯೇ ಬರಲ್ವಾ ನಿಮಗೆ? ಒಂದುತನ, ಮಾಯೆ, ತಾನಳಿವು. ಮುಗೀತು. ಮಾಯೆನೂ ನಮ್ದೇ, ಗಾಯ ಮಾಯಿತು ಅಂತೀವಲ್ಲ, ಆ ಮಾಯು ಇಂದ ಬಂದಿದ್ದು, ಇದ್ದದ್ದು ಇಲ್ಲದಂಗಾಗೋದು. ನಮ್ಮೂರ ಗುಡಿ, 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು, ಒಳಗೆ ಒಂದೇ ಮೂರ್ತಿಲಿ ಅರೆ ಹರ ಅರೆ ಹರಿ, ನೋಡಿದ ಅಜ್ಜಿಯೂ "ಎರಡೂ ಒಂದೇ ಕಣಪ್ಪ" ಅಂತಾಳೆ, ಐಕ್ಯ ಅನ್ನಲ್ಲ.

ಚಿತ್ರದುರ್ಗದಿಂದ:
ಮಾಯಾ ಋಗ್ವೇದದಲ್ಲೇ ಇದೆ, ಅಲ್ಲಿ ಅದು ದೇವತೆಗಳ ಶಕ್ತಿ. ಗಾಯದ ಮಾತು ಡಾಕ್ಟ್ರ ಹತ್ರ ಹೇಳಿ. ತಾನಳಿವು ಬೋರ್ಡನ್ನ ಅರಣ್ಯ ಇಲಾಖೆಗೆ ಕೊಟ್ಬಿಡಿ, ಅಳಿವಿನಂಚಿನ ಪ್ರಾಣಿಗಳ ಪಕ್ಕ ಹಾಕ್ತಾರೆ.

ಹೊಳಲ್ಕೆರೆಯಿಂದ:
ಇಬ್ರೂ ವಚನದ ಕಡೆ ತಿರುಗೇ ನೋಡಿಲ್ಲ. ಷಟ್‌ಸ್ಥಲ ಅಂತ ಶರಣರ ಆರು ಮೆಟ್ಟಿಲಲ್ಲಿ ಐಕ್ಯ ಕೊನೇದು, ಅಲ್ಲಿ ನಾನು ನೀನು ಎರಡೂ ಇರಲ್ಲ. ಹೊನ್ನು ಹೆಣ್ಣು ಮಣ್ಣು ಮಾಯೆ ಅಲ್ಲ, ಮನಸ್ಸಿನ ಮುಂದಿರೋ ಆಸೆಯೇ ಮಾಯೆ ಅಂತ ಅಲ್ಲಮ ಹೇಳಿದ ಮೇಲೆ ಆ ಪದ ಎಲ್ಲಿಂದ ಬಂದ್ರೇನು. ಮೂರನೇದಕ್ಕೆ ಬಯಲು. ಶರಣರು ಬಯಲಾಗೋದು ಅಂದ್ರೆ ಇದೇ ಅಲ್ವಾ.

ದಾವಣಗೆರೆಯಿಂದ:
ಅಕ್ಕಾರೆ, ಬಯಲು ನನಗೂ ಇಷ್ಟ, ಆದ್ರೆ ಪೇಪರ್ ತೆಗೆದ್ರೆ ಹಗರಣ ಬಯಲು, ಹಳ್ಳಿಗೆ ಹೋದ್ರೆ ಬಯಲು ಬಹಿರ್ದೆಸೆ ಮುಕ್ತ ಗ್ರಾಮ ಅಂತ ಬೋರ್ಡು, ಹುಡುಗ್ರು ನಗ್ತಾರೆ. ಐಕ್ಯಕ್ಕೂ ಕಮಿಟಿಯೋರು ಬೇಡ ಅಂದ್ರು, ಲಿಂಗೈಕ್ಯ ಅಂತ ಶ್ರದ್ಧಾಂಜಲಿ ಫ್ಲೆಕ್ಸ್ ಊರ ತುಂಬಾ ಇರ್ತಾವೆ.

ಹೊಳಲ್ಕೆರೆಯಿಂದ:
ಹಂಗಾದ್ರೆ ನಾಮಪದ ಯಾಕೆ ಹುಡುಕ್ತೀರಿ, ಕ್ರಿಯಾಪದ ಹಾಕಿ. "ಎಲ್ಲವೂ ಒಂದೇ", "ಕಾಣುವುದೆಲ್ಲ ಮಾಯೆ", "ನಾನೆಂಬುದನ್ನು ಬಿಡು". ಇಂಗ್ಲಿಷಲ್ಲಿ ನಾಮಪದ ಇದ್ರೆ ನಾವೂ ಇಡ್ಬೇಕು ಅಂತ ಏನಿಲ್ಲ.

ಹರಿಹರದಿಂದ:
ಇದು ಕನ್ನಡ. ಅಶೋಕನ ಬ್ರಹ್ಮಗಿರಿ ಕಲ್ಬರಹದಲ್ಲೇ ಇಸಿಲ ಅನ್ನೋ ಪದ ಇದೆ, ಅದು ಕನ್ನಡ ಅಂತ ಡಿ.ಎಲ್. ನರಸಿಂಹಾಚಾರ್ ತೋರಿಸಿದಾರೆ. ಎರವಲು ಎರವಲು ಅಂತ ಕೂಗೋರು ನೋಡ್ಲಿ.

ಚಿತ್ರದುರ್ಗದಿಂದ:
ಅದೊಂದು ಊರ ಹೆಸರು. ಉಳಿದ ಶಾಸನವೆಲ್ಲ ಪ್ರಾಕೃತ. ಚಂದ್ರವಳ್ಳಿಯ ಮಯೂರಶರ್ಮನ ಶಾಸನನೂ ಪ್ರಾಕೃತವೇ. ಈ ಜಿಲ್ಲೆ ಕಲ್ಲುಗಳಿಗೆ ನಿಮ್ಮ ಮಡಿ ಗೊತ್ತಿರಲಿಲ್ಲ. ಅಂದಂಗೆ "ಬಿಡು" ಏಕವಚನ, ದುಡ್ಡು ಕೊಟ್ಟು ಬರೋರಿಗೆ "ಬಿಡಿ" ಅನ್ಬೇಕು.

ದಾವಣಗೆರೆಯಿಂದ:
ಅಕ್ಕಾರ ಮೂರೂ ಸಾಲು ಕಳಿಸ್ದೆ, ಬಿಡು ಅಂತಲೇ. ಇಸಿಲಕ್ಕೆ ಬೇರೆ ಥ್ರೆಡ್ ಮಾಡ್ಕೊಳ್ರಿ.