ಮರು: ಮಣ್ಣಿನಲ್ಲಿರುವುದು ವಿಕಿರಣವೋ ವಿಕಿರಣಶೀಲತೆಯೋ? (ತುರ್ತು)

ಮಣ್ಣಿನ ಬಗೆಗಿನ ನಿಮ್ಮ ಫಲಕದ ತಲೆಬರಹಕ್ಕೆ "ವಿಕಿರಣ" ಸರಿಯೋ "ವಿಕಿರಣಶೀಲತೆ" ಸರಿಯೋ ಎಂದು ಕೇಳಿದ್ದೀರಿ, ಅದು ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಉತ್ತರ ಮೊದಲು: "ಮಣ್ಣಿನ ಸಹಜ ವಿಕಿರಣಶೀಲತೆ ಮತ್ತು ಆರೋಗ್ಯದ ಅಪಾಯದ ಅಂದಾಜು". "ಮಣ್ಣಿನಲ್ಲಿ ವಿಕಿರಣ" ಬೇಡ. "ಹಾನಿ"ಯೂ ಬೇಡ, ಹಾನಿ ಅಂದರೆ ಆಗಿಹೋದದ್ದು, ಇಲ್ಲಿರುವುದು ಆಗಬಹುದಾದದ್ದರ ಲೆಕ್ಕ.

ಪದದ ಮೂಲ ನೋಡಿ. ಸಂಸ್ಕೃತದ ಕೄ ಧಾತುವಿಗೆ ಚೆಲ್ಲು, ಚೆದರು ಎಂಬ ಅರ್ಥ. ಚೆಲ್ಲಿ ಹೊರಬಂದದ್ದು ವಿಕಿರಣ, ಚೆಲ್ಲುವ ಗುಣ ವಿಕಿರಣಶೀಲತೆ. ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಇರುತ್ತವೆ, ಗುಣ ಅವುಗಳದ್ದು. ಮೈಗೆ ತಾಗುವುದು ಅವು ಚೆಲ್ಲಿದ್ದು.

ಎರಡಕ್ಕೂ ಒಂದೇ ಪದ ಬಳಸಿದ್ದರಿಂದ ನಿಮ್ಮ ಕರಡಿನಲ್ಲಿ ಅಳತೆಗಳೂ ಕಲಸಿಹೋಗಿವೆ. ಬೆಕೆರೆಲ್‌ಗೂ ಮಿಲಿಸೀವರ್ಟ್‌ಗೂ "ವಿಕಿರಣ ಪ್ರಮಾಣ" ಎಂದೇ ಬರೆದಿದ್ದೀರಿ. ಸೆಕೆಂಡಿಗೆ ಒಂದು ಪರಮಾಣು ಕ್ಷಯವಾದರೆ ಒಂದು ಬೆಕೆರೆಲ್, ಅದು ಮಣ್ಣಿನ ಲೆಕ್ಕ. ಸೀವರ್ಟ್ ಮೈಯ ಲೆಕ್ಕ, ತಾಗಿದ ವಿಕಿರಣ ಮೈಗೆ ಎಷ್ಟು ಅಪಾಯ ತರಬಹುದು ಎಂಬುದರ ಅಳತೆ; ಅದರ ಸಾವಿರದಲ್ಲೊಂದು ಪಾಲು ಮಿಲಿಸೀವರ್ಟ್. ಜಗತ್ತಿನ ಮಣ್ಣಿನಲ್ಲಿ ಪೊಟ್ಯಾಸಿಯಂ-40 ಕಿಲೋಗೆ ಸರಾಸರಿ ಸುಮಾರು 400 ಬೆಕೆರೆಲ್ ಇರುತ್ತದೆ, ನಿಸರ್ಗದ ಎಲ್ಲ ಮೂಲಗಳಿಂದ ಒಬ್ಬರಿಗೆ ವರ್ಷಕ್ಕೆ ಸರಾಸರಿ ಸಿಗುವುದು ಸುಮಾರು 2.4 ಮಿಲಿಸೀವರ್ಟ್. ಎರಡೂ ಒಂದೇ ಹೆಸರಿನಲ್ಲಿದ್ದರೆ ಓದಿದವರು 400 ಎಷ್ಟು ಜಾಸ್ತಿ ಅಂತ ಸುಮ್ನೆ ಹೆದರುತ್ತಾರೆ, ಅಲ್ವಾ? ಮೊದಲನೆಯದು "ವಿಕಿರಣಶೀಲತೆಯ ಮಟ್ಟ", ಎರಡನೆಯದು "ಡೋಸ್" ಆಗಲಿ.

ಡೋಸ್ ಇಂಗ್ಲಿಷ್ ಅಂತ ಈ ಚರ್ಚೆಯಲ್ಲಿ ಒಬ್ಬರು ತಕರಾರು ತೆಗೆದಿದ್ದಾರೆ. ಲಸಿಕೆಯ ಡೋಸ್ ಎಲ್ಲರ ಬಾಯಲ್ಲೂ ಇದೆ, ಸಾಕು. ಬೆಕೆರೆಲ್‌ಗೂ ಕನ್ನಡ ಪದ ಬೇಕು ಅನ್ನುವವರಿಗೆ: ಅದು ಒಬ್ಬ ವಿಜ್ಞಾನಿಯ ಹೆಸರು. ಹೆಸರನ್ನು ಅನುವಾದ ಮಾಡುವುದಿಲ್ಲ.

ವಿಕಿರಣಶೀಲತೆಯ ಬದಲು "ಕದಿರುಸೂಸಿಕೆ" ಅನ್ನುವ ಸಲಹೆಯನ್ನು ಒಪ್ಪಲಾರೆ. ಕದಿರು ಅಂದರೆ ಕಿರಣ, ಅಚ್ಚಗನ್ನಡ, ನನಗೂ ಇಷ್ಟದ ಪದ. ಆದರೆ ಅದಕ್ಕೆ ತೆನೆ ಅಂತಲೂ ಅರ್ಥ ಇದೆ. ಮಣ್ಣಿನ ಪಕ್ಕ ಇಟ್ಟರೆ ಬೆಳೆಯ ವಿಷಯ ಅಂದುಕೊಳ್ಳುತ್ತಾರೆ. ಇನ್ನೂ ದೊಡ್ಡ ತೊಡಕು, ವಿಕಿರಣದ ಬಗೆಗಳಾದ ಆಲ್ಫಾ, ಬೀಟಾ ಕದಿರುಗಳೇ ಅಲ್ಲ, ಕಣಗಳು. ವಿಕಿರಣದೊಳಗಿರುವ ಕೄ ಕಣಕ್ಕೂ ಹೊಂದುತ್ತದೆ, ಕಣವನ್ನೂ ಚೆಲ್ಲಬಹುದು. ಅಚ್ಚಗನ್ನಡವೇ ಬೇಕಿದ್ದರೆ ಬರೀ "ಸೂಸು" ಕ್ರಿಯಾಪದವನ್ನು ವಾಕ್ಯಗಳಲ್ಲಿ ಧಾರಾಳವಾಗಿ ಬಳಸಿ, "ಉತ್ಸರ್ಜಿಸು" ತೆಗೆಯಿರಿ.

ನಿಮ್ಮ ಕರಡಿನ ಕೊನೆಯ ಸಾಲಿನಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲದ ಹೆಸರು ಹೊಡೆದುಹಾಕಿ "ಮಣ್ಣಿನ ಅನಿಲ" ಮಾಡಿದ್ದೀರಿ. ದಯವಿಟ್ಟು ವಾಪಸ್ ಹಾಕಿ. ಮಣ್ಣಿನ ರೇಡಿಯಂನಿಂದ ಹುಟ್ಟಿ, ನೆಲದ ಬಿರುಕಿನಿಂದ ಮನೆಯೊಳಗೆ ಸೇರಿ, ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುವುದು ಅದೇ. ಹೆಸರನ್ನೇ ತೆಗೆದರೆ ಜನ ಏನಂತ ಕೇಳಿ ಪರೀಕ್ಷೆ ಮಾಡಿಸಬೇಕು?