ಒಂದೇ ಸಲ ಐದು ಲೈಟ್ ಹತ್ತಿಕೊಂಡರೆ ಏನು ಮಾಡೋದು?

ಶಿವಮೊಗ್ಗದಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು 2021ರ ಪೆಟ್ರೋಲ್ ಕಾಂಪ್ಯಾಕ್ಟ್ ಎಸ್‌ಯುವಿ, ಆಟೋಮ್ಯಾಟಿಕ್. 38,000 ಕಿ.ಮೀ. ಓಡಿದೆ. ಮೂರು ವರ್ಷದ ವಾರಂಟಿ ಯಾವಾಗಲೋ ಮುಗಿದಿದೆ. ಹೋದ ವಾರ ಬೆಳಗ್ಗೆ ಮಗಳನ್ನು ಶಾಲೆಗೆ ಬಿಡಲು ಹೊರಟು ಸ್ಟಾರ್ಟ್ ಬಟನ್ ಒತ್ತಿದೆ. ಎಂಜಿನ್ ಸ್ವಲ್ಪ ಎಳೆದಾಡಿ ಸ್ಟಾರ್ಟ್ ಆಯ್ತು. ಆದರೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು), ಸ್ಟೇರಿಂಗ್, ಚೆಕ್ ಎಂಜಿನ್, ಹಿಲ್ ಹೋಲ್ಡ್ (ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಹಿಡಿಯೋದು), ಟೈರ್ ಪ್ರೆಶರ್, ಐದೂ ಲೈಟ್ ಒಟ್ಟಿಗೆ ಹತ್ತಿಕೊಂಡವು. ಹಿಂದಿನ ಸೀಟಿನಿಂದ ಮಗಳು "ಅಪ್ಪಾ, ದೀಪಾವಳಿ!" ಅಂದಳು. ಆಫ್ ಮಾಡಿ ಮತ್ತೆ ಆನ್ ಮಾಡಿದೆ, ಎಲ್ಲ ಮಾಯ. ಎರಡು ದಿನ ಬಿಟ್ಟು ಮತ್ತೆ ಅದೇ ಕತೆ.

ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿ ನೋಡಿ, "ಎಬಿಎಸ್ ಮಾಡ್ಯೂಲ್ ಹೋಗಿದೆ, ಬದಲಿಸಬೇಕು" ಅಂತ 46,000 ರೂಪಾಯಿಯ ಎಸ್ಟಿಮೇಟ್ ಕೈಗಿಟ್ಟರು. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಆಗುಂಬೆ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಮನೆಯಲ್ಲಿ "ಇದನ್ನು ಮಾರಿ, ಇಷ್ಟೆಲ್ಲ ಕರೆಂಟಿನ ಕಿರಿಕಿರಿ ಇಲ್ಲದ ಹಳೆ ಕಾರು ತಗೊಳ್ಳೋಣ" ಅಂತಿದ್ದಾರೆ. ನಿಮಗೆ ಹೀಗೆ ಆಗಿದೆಯಾ? ಏನು ಮಾಡಿದಿರಿ?

ಹಾಸನದಿಂದ:

ದುಡ್ಡು ಕಟ್ಟಬೇಡಿ ಸರ್. ಬ್ಯಾಟರಿ ಎಷ್ಟು ವರ್ಷದ್ದು?

ಶಿವಮೊಗ್ಗದಿಂದ:

ಕಾರಿನ ಜೊತೆ ಬಂದದ್ದೇ, ನಾಲ್ಕು ವರ್ಷ ಆಯ್ತು. ಆದರೆ ಸೆಲ್ಫ್ ಎತ್ತುತ್ತಿದೆಯಲ್ಲ, ಬ್ಯಾಟರಿ ಹೋಗಿದ್ದರೆ ಸ್ಟಾರ್ಟೇ ಆಗಬಾರದಿತ್ತು ಅಲ್ವಾ?

ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್:

ನೋಡ್ರಿ ಸರ್, ಇದೊಂದು ಮಾತು ತಲೆಯಿಂದ ತೆಗೆದುಹಾಕಿ. ಹಳೆ ಕಾರಿನಲ್ಲಿ ಬ್ಯಾಟರಿ ಅಂದರೆ ಸೆಲ್ಫ್ ಹೊಡೆಯೋಕೆ, ಹಾರ್ನ್ ಬಾರಿಸೋಕೆ, ಲೈಟ್ ಉರಿಸೋಕೆ. ವೀಕಾದರೆ ಲೈಟ್ ಮಂಕಾಗುತ್ತಿತ್ತು, ನಾಲ್ಕು ಜನ ತಳ್ಳುತ್ತಿದ್ದರು, ಮುಗೀತು. ಈಗಿನ ಕಾರಿನಲ್ಲಿ ಎಂಜಿನ್ನಿಗೊಂದು, ಗೇರಿಗೊಂದು, ಬ್ರೇಕಿಗೊಂದು, ಸ್ಟೇರಿಂಗಿಗೊಂದು, ಬಾಗಿಲು ಕಿಟಕಿಗೊಂದು ಅಂತ ಕಂಪ್ಯೂಟರ್ ಕೂತಿವೆ. ಎಲ್ಲವೂ ಎರಡು ಎಳೆ ವೈರಿನಲ್ಲಿ ಒಂದಕ್ಕೊಂದು ಮಾತಾಡುತ್ತವೆ. ಅದಕ್ಕೆ ಕ್ಯಾನ್ ಅಂತಾರೆ. ಬಾಷ್ ಕಂಪನಿ 1986ರಲ್ಲೇ ತೋರಿಸಿದ್ದು, ಈಗ ಎಲ್ಲ ಕಾರಿನಲ್ಲೂ ಇದೆ.

ಸೆಲ್ಫ್ ಹೊಡೆಯುವ ಆ ಅರ್ಧ ಸೆಕೆಂಡಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ಗಟ್ಟಿ ಇದ್ದರೆ ಹತ್ತರ ಆಸುಪಾಸು ನಿಲ್ಲುತ್ತದೆ. ವೀಕಾಗಿದ್ದರೆ ಒಂಬತ್ತು, ಎಂಟು ಅಂತ ಜಾರುತ್ತದೆ. ಸ್ಟಾರ್ಟರ್ ಮೋಟರಿಗೆ ಅಷ್ಟು ಸಾಕು, ಹೇಗೋ ತಿರುಗಿಸಿಬಿಡುತ್ತದೆ. ಕಂಪ್ಯೂಟರುಗಳಿಗೆ ಸಾಲದು. ಒಂದು ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಅಷ್ಟರಲ್ಲಿ ಪಕ್ಕದ್ದು "ಅವನು ಮಾತಾಡ್ತಿಲ್ಲ" ಅಂತ ದೂರು ಬರೆದಿಟ್ಟಿರುತ್ತದೆ. ಐದು ಲೈಟ್ ಅಂದರೆ ಐದು ಪಾರ್ಟ್ ಹೋಗಿದೆ ಅಂತ ಅಲ್ಲ. ಐದು ಪಾರ್ಟ್ ಒಂದೇ ದಿನ ಹೋಗೋದು ಹೇಗೆ ಸಾಧ್ಯ, ನೀವೇ ಯೋಚನೆ ಮಾಡಿ.

ಒಂದು ಮಲ್ಟಿಮೀಟರ್ ತಗೊಳ್ಳಿ, ನಾನೂರು ಐನೂರಕ್ಕೆ ಸಿಗುತ್ತದೆ. ರಾತ್ರಿ ಕಾರು ನಿಲ್ಲಿಸಿ, ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಅಳೆಯಬೇಕು. ಅದಕ್ಕೆ ಹಿಂದಿನ ರಾತ್ರಿಯೇ ಬಾನೆಟ್ ಲಿವರ್ ಎಳೆದು ಬಿಟ್ಟಿರಿ. ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರ್ ಹಿಡಿದಾಗ 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್. 12.4 ಪರವಾಗಿಲ್ಲ. 12ರ ಹತ್ತಿರ ಬಂದರೆ ಖಾಲಿಗೆ ಹತ್ತಿರ. ಆಮೇಲೆ ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಮೀಟರ್ ನೋಡುತ್ತಿರಿ. 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯ ಮೇಲೇ ಅನುಮಾನ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇದ್ದರೆ ಆಲ್ಟರ್ನೇಟರ್, ಅಂದರೆ ನಮ್ಮ ಹಳೆ ಮಂದಿ ಡೈನಮೋ ಅಂತಾರಲ್ಲ, ಅದು ಸರಿ ಇದೆ. ಕೆಲವು ಹೊಸ ಕಾರಿನಲ್ಲಿ ಚಾರ್ಜಿಂಗನ್ನೂ ಕಂಪ್ಯೂಟರೇ ಏರಿಸಿ ಇಳಿಸುತ್ತದೆ, ಹಾಗಾಗಿ ನಂಬರ್ ಸ್ವಲ್ಪ ಆಚೀಚೆ ಆದರೆ ಗಾಬರಿ ಬೀಳಬೇಡಿ.

ಇನ್ನೊಂದು. ಸರ್ವಿಸ್ ಸೆಂಟರ್‌ನವರು ಯಾವ ಕೋಡ್ ನೋಡಿ, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ಯಾವ ದೂರಿನ ನಂಬರ್ ನೋಡಿ, ಮಾಡ್ಯೂಲ್ ಹೋಗಿದೆ ಅಂದರು? ಕೋಡ್‌ಗಳ ಪ್ರಿಂಟ್ ಕೇಳಿ. ಯು ಅಕ್ಷರದಿಂದ ಶುರುವಾಗುವ ಕೋಡ್ ಸಾಲುಸಾಲಾಗಿ ಇದ್ದರೆ ಅದು ಒಂದಕ್ಕೊಂದು ಮಾತು ತಪ್ಪಿದ ದೂರು. ಪಿ0562 ಇದ್ದರೆ ವೋಲ್ಟೇಜ್ ಕಡಿಮೆ ಅಂತ ಕಾರೇ ಬಾಯಿಬಿಟ್ಟು ಹೇಳಿದ ಹಾಗೆ. ಮತ್ತೆ, ಹೊರಗಡೆ ಏನಾದರೂ ಹಾಕಿಸಿದ್ದೀರಾ? ಕ್ಯಾಮೆರಾ, ಆಂಪ್ಲಿಫೈಯರ್, ಫಾಗ್ ಲೈಟ್, ಜಿಪಿಎಸ್? ಮುಚ್ಚಿಡದೆ ಹೇಳಿ.

ಶಿವಮೊಗ್ಗದಿಂದ:

ಡ್ಯಾಶ್‌ಕ್ಯಾಮ್ ಇದೆ ಸರ್. ಆರು ತಿಂಗಳ ಹಿಂದೆ ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದು. ಪಾರ್ಕಿಂಗ್ ಮೋಡ್ ಇದೆ, ಕಾರು ನಿಂತಿದ್ದರೂ 24 ಗಂಟೆ ರೆಕಾರ್ಡ್ ಆಗುತ್ತದೆ ಅಂತ ಖುಷಿಯಲ್ಲಿ ಹಾಕಿಸಿದೆ. ವೈರ್ ಎಲ್ಲಿಂದ ಎಳೆದರೋ ನೋಡಿಲ್ಲ. ಕಾರು ಓಡೋದು ದಿನಕ್ಕೆ ಶಾಲೆಗೆ ಮೂರು ಕಿ.ಮೀ. ಹೋಗಿ ಬರೋದು ಅಷ್ಟೇ, ನಾನು ಮನೆಯಿಂದಲೇ ಕೆಲಸ ಮಾಡೋದು.

ತುಮಕೂರಿನ ಮೇಷ್ಟ್ರು:

ಹಾಗಾದರೆ ಲೆಕ್ಕ ಹಾಕೋಣ, ಪಾಠ ಮಾಡಿದ ಅಭ್ಯಾಸ ಬಿಡೋದಿಲ್ಲ. ನಿಮ್ಮ ಬ್ಯಾಟರಿ 45 ಆಂಪಿಯರ್-ಅವರ್ ಅಂದುಕೊಳ್ಳಿ. ಲಾಕ್ ಮಾಡಿ ನಿಲ್ಲಿಸಿದ ಕಾರು ತನ್ನಷ್ಟಕ್ಕೆ ತಾನು ಎಳೆಯೋದು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪ್. ಪಾರ್ಕಿಂಗ್ ಮೋಡ್ ಕ್ಯಾಮೆರಾ 250 ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ದಿನದಲ್ಲಿ 23 ಗಂಟೆ ಕಾರು ನಿಂತಿದ್ದರೆ ಕ್ಯಾಮೆರಾ ಒಂದೇ ಐದೂವರೆ ಆಂಪಿಯರ್-ಅವರ್ ಮೇಲೆ ತಿಂದಿತು. ನಾಲ್ಕು ದಿನಕ್ಕೆ ಅರ್ಧ ಬ್ಯಾಟರಿ. ಮೂರು ಕಿಲೋಮೀಟರ್ ಓಡಿಸಿದರೆ ಹತ್ತು ನಿಮಿಷ, ಅದರಲ್ಲೂ ಎಸಿ, ವೈಪರ್, ಹೆಡ್‌ಲೈಟ್. ವಾಪಸ್ ತುಂಬೋದು ಎಷ್ಟು? ಸಂಬಳಕ್ಕಿಂತ ಖರ್ಚು ಜಾಸ್ತಿ ಇರುವ ಮನೆ ಅದು.

ಉಡುಪಿಯಿಂದ:

ನಮ್ಮ ಕತೆ ಬೇರೆ, ಲೈಟ್ ಅದೇ. ಸಮುದ್ರದಿಂದ ಮನೆ ಒಂದೂವರೆ ಕಿಲೋಮೀಟರ್. ಹೊಸ ಬ್ಯಾಟರಿ ಹಾಕಿದರೂ ಮಳೆ ಬಂದ ದಿನ ಸ್ಟೇರಿಂಗ್ ಲೈಟ್ ಬರುತ್ತಿತ್ತು, ಬಿಸಿಲಿಗೆ ಹೋಗುತ್ತಿತ್ತು. ಮೂರು ಕಡೆ ತೋರಿಸಿದೆ. ಕೊನೆಗೆ ಮಲ್ಪೆಯ ಕಡೆಯ ಒಬ್ಬ ಹುಡುಗ, ಬೋಟ್ ವೈರಿಂಗ್ ಮಾಡುವವ, ಬ್ಯಾಟರಿ ಟ್ರೇ ಬಿಚ್ಚಿ ಕೆಳಗೆ ಬಾಡಿಗೆ ಕೂರಿಸಿದ ಅರ್ಥ್ ಬೋಲ್ಟ್ ತೋರಿಸಿದ. ವೈರಿನ ಲಗ್ ಸುತ್ತ ಹಸಿರು ಕಿಲುಬು, ತಾಮ್ರದ ಚೊಂಬು ಹುಣಸೆಹಣ್ಣು ಕಾಣದೆ ವರ್ಷವಾದ ಹಾಗೆ. ಬೋಲ್ಟ್ ತೆಗೆದ, ಎಮರಿ ಪೇಪರಿನಲ್ಲಿ ಲಗ್‌ನ ಎರಡೂ ಮುಖ ಮತ್ತು ಬಾಡಿಯ ತಗಡು ಹೊಳೆಯುವವರೆಗೆ ಉಜ್ಜಿದ, ಬಿಗಿದು ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದ. ಇನ್ನೂರು ರೂಪಾಯಿ ತಗೊಂಡ. ಎರಡು ಮಳೆಗಾಲ ಆಯ್ತು, ಲೈಟ್ ಇಲ್ಲ. ಹೊಸ ಸ್ಟೇರಿಂಗ್ ಮೋಟರಿಗೆ ಕೇಳಿದ್ದು ಎಷ್ಟು ಅಂತ ಹೇಳಿದರೆ ನನಗೇ ಸಿಟ್ಟು ಬರುತ್ತದೆ, ಬಿಡಿ.

ಬೆಂಗಳೂರು, ಬನಶಂಕರಿಯಿಂದ:

ಇಲಿ ನೋಡಿದಿರಾ ಅಣ್ಣಾ? ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಗಣಪನ ವಾಹನ ನಮ್ಮ ವಾಹನದೊಳಗೇ ಸಂಸಾರ ಹೂಡಿತ್ತು. ಎಂಜಿನ್ ಮೇಲೆ ಅರ್ಧ ತಿಂದ ಕೊಬ್ಬರಿ ಚೂರು ಸಿಕ್ಕಿತು. ಚೆಕ್ ಎಂಜಿನ್ ಲೈಟ್ ಬಂದು, ಗಾಡಿ ಎತ್ತೆತ್ತಿ ಹಾಕುತ್ತಿತ್ತು. ಆಕ್ಸಿಜನ್ ಸೆನ್ಸರ್ ವೈರ್ ಮತ್ತು ಒಂದು ಕಾಯಿಲ್ ವೈರ್ ಕತ್ತರಿಸಿತ್ತು. ಒಂದು ಕಡೆ ಇಡೀ ವೈರಿಂಗ್ ಕಿಟ್ ಬದಲಿಸಬೇಕು ಅಂದರು. ಇನ್ನೊಂದು ಕಡೆ ಬೆಸುಗೆ ಹಾಕಿ, ಸ್ಲೀವ್ ಹಾಕಿ ಬಿಸಿ ಮಾಡಿ ಕೂರಿಸಿಕೊಟ್ಟರು, ಒಂದೂವರೆ ವರ್ಷದಿಂದ ಓಡ್ತಿದೆ. ಹೊಗೆಸೊಪ್ಪು, ನುಸಿಗುಳಿಗೆ, ಸ್ಪ್ರೇ ಎಲ್ಲ ಮಾಡಿದೆ. ನನಗೆ ಕೆಲಸ ಮಾಡಿದ್ದು ಎರಡೇ: ಕಸದ ಡಬ್ಬದ ಪಕ್ಕದ ಜಾಗ ಬಿಟ್ಟಿದ್ದು, ಮೂರು ದಿನಕ್ಕಿಂತ ಜಾಸ್ತಿ ಕಾರು ನಿಲ್ಲಿಸದೇ ಇದ್ದದ್ದು. ಹೊಗೆಸೊಪ್ಪನ್ನಂತೂ ಆ ಇಲಿ ಎಲೆಅಡಿಕೆ ಜೊತೆ ಹಾಕಿಕೊಂಡಿರಬೇಕು.

ಬೆಂಗಳೂರು, ಪೀಣ್ಯದಿಂದ:

ಕೇಳಿದವರದು ಪೆಟ್ರೋಲ್, ಆದರೂ ಡೀಸೆಲ್ ತಗೊಳ್ಳಬೇಕು ಅಂತ ಇರುವವರು ಓದಿಕೊಳ್ಳಲಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆಯ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ, ಡಿಪಿಎಫ್. ತುಂಬಿದಾಗ ಕಾರು ಅದನ್ನು ತಾನೇ ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಅದಕ್ಕೆ ನಿಲ್ಲದೆ ಓಡಬೇಕು. ನನ್ನದು ಆಫೀಸಿಗೆ ಆರು ಕಿಲೋಮೀಟರ್, ಅದರಲ್ಲಿ ಹನ್ನೊಂದು ಸಿಗ್ನಲ್. ಸುಡಲು ಶುರು ಮಾಡುವ ಹೊತ್ತಿಗೆ ನಾನು ಆಫ್ ಮಾಡಿ ಲಿಫ್ಟ್ ಹತ್ತಿರುತ್ತೇನೆ. ಲೈಟ್ ಬಂತು, ಅಸಡ್ಡೆ ಮಾಡಿದೆ, ಪಿಕಪ್ ಹೋಯ್ತು. ಅಷ್ಟೇ ಅಲ್ಲ, ಹೀಗೆ ಸುಡೋದು ಅರ್ಧಕ್ಕೆ ನಿಂತಾಗ ಡೀಸೆಲ್ಲೇ ಎಂಜಿನ್ ಆಯಿಲ್‌ನೊಳಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಕಡಿಮೆ ಆಗುವ ಬದಲು ಜಾಸ್ತಿ ಆಗಿತ್ತು! ಈಗ ಭಾನುವಾರ ನೆಲಮಂಗಲ ದಾಟಿ ಕುಣಿಗಲ್ ತನಕ ಹೋಗಿ, ತಟ್ಟೆ ಇಡ್ಲಿ ತಿಂದು ಬರುತ್ತೇನೆ. ಫಿಲ್ಟರಿಗೋಸ್ಕರ ಅಂತ ಮನೆಯಲ್ಲಿ ಹೇಳಿದ್ದೇನೆ.

ಮೈಸೂರಿನಿಂದ:

ಸುಮ್ನೆ ಒಂದು ಬ್ಲೂಟೂತ್ ಒಬಿಡಿ ಡಾಂಗಲ್, ಅಂದರೆ ಕೋಡ್ ಓದುವ ಪುಟ್ಟ ಸಾಧನ, ತಗೊಳ್ಳಿ, ಸಾವಿರದೊಳಗೆ ಸಿಗುತ್ತದೆ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಚುಚ್ಚಿದರೆ ಕೋಡ್ ಮೊಬೈಲಿಗೇ ಬರುತ್ತದೆ. ನಾನು ಲೈಟ್ ಬಂದಾಗೆಲ್ಲ ನಾನೇ ಅಳಿಸುತ್ತೇನೆ.

ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್:

ಓದೋಕೆ ತಗೊಳ್ಳಿ, ಅಳಿಸೋಕೆ ಅಲ್ಲ. ಕೋಡ್ ಅಳಿಸಿಕೊಂಡು ಗ್ಯಾರೇಜಿಗೆ ಬಂದರೆ ಜ್ವರ ಇಳಿದ ಮೇಲೆ ಡಾಕ್ಟರ್ ಹತ್ತಿರ ಬಂದ ಹಾಗೆ, ನಾವೇನು ಹುಡುಕೋದು? ಲೈಟ್ ಬಂದಾಗ ಕಾರು ಆ ಹೊತ್ತಿನ ಸ್ಪೀಡ್, ಎಂಜಿನ್ ಬಿಸಿ ಎಲ್ಲ ಬರೆದಿಟ್ಟಿರುತ್ತದೆ, ಅಳಿಸಿದರೆ ಅದೂ ಹೋಯ್ತು. ಮೊದಲು ಫೋಟೋ ತೆಗೆದುಕೊಳ್ಳಿ. ಅಗ್ಗದ ಡಾಂಗಲ್‌ಗೆ ಎಬಿಎಸ್, ಏರ್‌ಬ್ಯಾಗ್ ಕೋಡ್ ಎಷ್ಟೋ ಕಾರಿನಲ್ಲಿ ಕಾಣೋದೂ ಇಲ್ಲ. ಮತ್ತೆ ಅದನ್ನು ಅಲ್ಲೇ ಚುಚ್ಚಿ ಬಿಡಬೇಡಿ, ಅದೂ ಬ್ಯಾಟರಿ ತಿನ್ನುತ್ತದೆ.

ಚಿಕ್ಕಮಗಳೂರಿನಿಂದ:

ಹಳೆ ಕಾರಿನ ವಿಷಯಕ್ಕೆ ಬರುತ್ತೇನೆ. ತೋಟದಲ್ಲಿ 2008ರದ್ದೊಂದು ಇದೆ, ಮನೆಗೆ 2022ರದ್ದು. ಹಳೆಯದು ಪಾಪ, ಲೈಟ್ ಹತ್ತಿಸಿ ಹೆದರಿಸುವುದಿಲ್ಲ, ನೇರವಾಗಿ ದಾರಿಯಲ್ಲಿ ನಿಲ್ಲುತ್ತದೆ. ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಎಬಿಎಸ್ ಎಲ್ಲ ಹೊಸ ಕಾರಿಗೂ ಕಡ್ಡಾಯ ಆಗಿದ್ದು 2019ರಲ್ಲಿ, ಅದಕ್ಕಿಂತ ಹಳೆಯ ಎಷ್ಟೋ ಕಾರಿನಲ್ಲಿ ಬರುತ್ತಲೇ ಇರಲಿಲ್ಲ. ಚಾರ್ಮಾಡಿಯಲ್ಲಿ ಮಳೆ, ಮಂಜು, ಎದುರಿಗೆ ಬಸ್ಸು ಬಂದಾಗ ಬ್ರೇಕ್ ಒತ್ತಿ ನೋಡಿದವನಾಗಿ ಹೇಳುತ್ತೇನೆ, ಅಪ್ಪ ಅಮ್ಮ ಮಗಳನ್ನು ಕೂರಿಸಿಕೊಂಡು ಹೋಗೋಕೆ ಹೊಸದೇ ಇರಲಿ. ಕಿರಿಕಿರಿ ಇದೆ, ಒಪ್ಪಿದೆ. ನನ್ನದರಲ್ಲಿ ಹಾಡಿನ ಸ್ಕ್ರೀನ್ ತಿಂಗಳಿಗೊಮ್ಮೆ ಹೆಪ್ಪುಗಟ್ಟಿ ಕೂರುತ್ತದೆ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಸರಿಹೋಗುತ್ತದೆ. ಅದಕ್ಕೆಲ್ಲ ಕಾರು ಮಾರೋಕಾಗುತ್ತಾ?

ಮಾರುವ ಮೊದಲು ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ ಇದೆಯಾ ನೋಡಿ. 2020ರ ಜುಲೈನಲ್ಲಿ ಮಾರುತಿಯವರು ವ್ಯಾಗನ್‌ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳನ್ನು ಫ್ಯೂಯಲ್ ಪಂಪ್ ನೋಡೋಕೆ ವಾಪಸ್ ಕರೆದಿದ್ದರು, ತೊಂದರೆ ಇದ್ದರೆ ಬಿಟ್ಟಿ ಬದಲಾವಣೆ. ಸೆಕೆಂಡ್ ಹ್ಯಾಂಡ್ ತಗೊಂಡವರಿಗೆ ಇಂಥ ಕರೆ ತಲುಪುವುದೇ ಇಲ್ಲ ಎಷ್ಟೋ ಸಲ.

ಹಾಸನದಿಂದ:

ಘಾಟಿಗೆ ಹೊರಡುವ ಮೊದಲು ಎರಡು ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಒಂದು, ಲೈಟಿನ ಬಣ್ಣ. ಕೆಂಪು ಆಯಿಲ್ ಕ್ಯಾನ್ ಅಥವಾ ಕೆಂಪು ಥರ್ಮಾಮೀಟರ್ ಬಂದರೆ ಜಾಗ ನೋಡಿ ಪಕ್ಕಕ್ಕೆ ಹಾಕಿ ಆಫ್ ಮಾಡಿ, "ಊರು ಹತ್ತಿರ ಇದೆ, ಹೋಗಿಬಿಡೋಣ" ಬೇಡ. ಹಳದಿ ಬಂದರೆ ನಿಧಾನ ಹೋಗಿ ತೋರಿಸಬಹುದು. ಹಳದಿ ಚೆಕ್ ಲೈಟ್ ಮಿಣುಕುತ್ತಿದ್ದರೆ ಮಾತ್ರ ಎಂಜಿನ್ ಮಿಸ್ ಹೊಡೀತಿದೆ ಅಂತ ಅರ್ಥ, ಹಾಗೇ ಎಳೆದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ದೊಡ್ಡ ಬಿಲ್.

ಎರಡು, ಆಟೋಮ್ಯಾಟಿಕ್ ತಳ್ಳಿದರೆ ಸ್ಟಾರ್ಟ್ ಆಗೋದಿಲ್ಲ. ಬ್ಯಾಟರಿ ಪೂರ್ತಿ ಹೋದರೆ ಗೇರ್ ಲಿವರ್ ಪಿ ಬಿಟ್ಟು ಅಲ್ಲಾಡೋದೂ ಇಲ್ಲ. ಎಷ್ಟೋ ಕಾರಿನಲ್ಲಿ ಲಿವರ್ ಪಕ್ಕ ಬೆರಳುಗುರು ಅಗಲದ ಮುಚ್ಚಳ ಇರುತ್ತದೆ. ಅದನ್ನು ಎಬ್ಬಿಸಿ, ಸ್ಮಾರ್ಟ್ ಕೀ ಒಳಗಿನ ಲೋಹದ ಕೀ ತೆಗೆದು ತೂರಿಸಿ ಒತ್ತಿ, ಬ್ರೇಕ್ ಹಿಡಿದು ಲಿವರ್ ಎಳೆದರೆ ನ್ಯೂಟ್ರಲ್‌ಗೆ ಬರುತ್ತದೆ. ಇದನ್ನು ಮನೆ ಮುಂದೆ ಒಮ್ಮೆ ಮಾಡಿ ನೋಡಿ. ಮಳೆಯಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕಲಿಯುವ ವಿದ್ಯೆ ಅಲ್ಲ ಅದು. ನಾನು ಹಾಗೇ ಕಲಿತದ್ದು.

ಶಿವಮೊಗ್ಗದಿಂದ, ಐದು ವಾರ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ಆದದ್ದು ಹೇಳುತ್ತೇನೆ. ಬೆಳಗ್ಗೆ ಮೀಟರ್ ಹಿಡಿದರೆ 11.9. ಹೆಂಡತಿ ಸ್ಟಾರ್ಟ್ ಮಾಡಿದಾಗ 8.4ಕ್ಕೆ ಇಳಿಯಿತು, ಐದು ಲೈಟೂ ಬಂದವು. ಕೋಡ್ ಪ್ರಿಂಟ್ ಕೇಳಿದ್ದಕ್ಕೆ ಸರ್ವಿಸ್ ಸೆಂಟರ್‌ನವರು ಮುಖ ಸಣ್ಣ ಮಾಡಿದರೂ ಕೊಟ್ಟರು. ಏಳು ಯು ಕೋಡ್, ಜೊತೆಗೆ ಪಿ0562. ಎಬಿಎಸ್ ಮಾಡ್ಯೂಲ್ ಹಾಳಾಗಿದೆ ಅನ್ನುವ ಕೋಡ್ ಒಂದೂ ಇಲ್ಲ. ಡ್ಯಾಶ್‌ಕ್ಯಾಮ್ ವೈರ್ ಹುಡುಕಿಸಿದರೆ ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ ಸುತ್ತಿ, ಮೇಲೆ ಬರೀ ಇನ್ಸುಲೇಷನ್ ಟೇಪ್ ಹಾಕಿದ್ದರು. ತೆಗೆಸಿದೆ. ಈಗ ಕಾರು ಆನ್ ಇದ್ದಾಗ ಮಾತ್ರ ಕ್ಯಾಮೆರಾ ಓಡುತ್ತದೆ. ಬ್ಯಾಟರಿ ಚಾರ್ಜ್ ಮಾಡಿಸಿ ನೋಡಿದೆವು, ನಿಲ್ಲಲಿಲ್ಲ, ಹೊಸದು ಹಾಕಿಸಿದೆ. ಹಳೆಯದನ್ನು ಕೊಟ್ಟು 5,400 ಆಯ್ತು. ಬ್ಯಾಟರಿ ಬಿಚ್ಚಿದ್ದಕ್ಕೆ ಡ್ರೈವರ್ ಕಿಟಕಿ ಒಂದೇ ಒತ್ತಿಗೆ ಏರೋದು ಮರೆತಿತ್ತು, ಪೂರ್ತಿ ಏರಿಸಿ ಬಟನ್ ಸ್ವಲ್ಪ ಹೊತ್ತು ಎಳೆದು ಹಿಡಿದಾಗ ನೆನಪಾಯ್ತು.

ಧರ್ಮಸ್ಥಳಕ್ಕೂ ಹೋಗಿ ಬಂದೆವು. ಒಂದು ಎಡವಟ್ಟು ಮಾತ್ರ ಆಯ್ತು. ತೀರ್ಥಹಳ್ಳಿ ದಾಟಿದ ಮೇಲೆ ಟೈರ್ ಲೈಟ್ ಒಂದೇ ಬಂತು. ಇದೂ ಸುಳ್ಳು ಅಂತ ನಾನು ಮಾತಾಡದೆ ಓಡಿಸಿದೆ. ಹಿಂದಿನಿಂದ ಮಗಳು "ಅಪ್ಪಾ, ಈ ಸಲ ಒಂದೇ ದೀಪ" ಅಂದಳು. ಅಪ್ಪ ಹಠ ಹಿಡಿದು ಆಗುಂಬೆಗೆ ಮೊದಲೇ ನಿಲ್ಲಿಸಿಸಿದರು. ಹಿಂದಿನ ಎಡಗಡೆ ಟೈರಿನಲ್ಲಿ ಎರಡಿಂಚಿನ ಮೊಳೆ, ಗಾಳಿ 19 ಪಿಎಸ್‌ಐಗೆ ಇಳಿದಿತ್ತು.

ಹಾಸನದಿಂದ:

ಸ್ಟೆಪ್ನಿಯಲ್ಲಿ ಗಾಳಿ ಇತ್ತಾ?

ಶಿವಮೊಗ್ಗದಿಂದ:

ಅದನ್ನು ಮಾತ್ರ ಕೇಳಬೇಡಿ ಸರ್.