ಶೇಂಗಾ ಗಾಣಕ್ಕೆ ಕಿಣ್ವ ಬಳಸಬಹುದೇ?

ಪ್ರಶ್ನೆ: ಚಳ್ಳಕೆರೆಯ ಬಳಿ ನಮ್ಮದೊಂದು ಸಣ್ಣ ಗಾಣವಿದೆ. ಬೀಜವನ್ನು ಹುರಿಯದೆ ಅರೆಯುವುದರಿಂದ, ಹಿಂಡಿಯನ್ನು ಬೆರಳಲ್ಲಿ ಒತ್ತಿದರೆ ಇನ್ನೂ ಜಿಡ್ಡು ಅಂಟುತ್ತದೆ. ಮೊದಲೇ ಕಿಣ್ವ (ಎಂಜೈಮ್) ಸೇರಿಸಿದರೆ ಎಣ್ಣೆಯ ಇಳುವರಿ ಹೆಚ್ಚುತ್ತದೆಯೇ?

ಉತ್ತರ: ಹೆಚ್ಚುತ್ತದೆ. ಎಣ್ಣೆಯ ಹನಿಗಳು ಜೀವಕೋಶದೊಳಗೆ ಪ್ರೋಟೀನಿನ ತೆಳುಪೊರೆ ಹೊದ್ದಿರುತ್ತವೆ. ಸೆಲ್ಯುಲೇಸ್ ಮತ್ತು ಪೆಕ್ಟಿನೇಸ್ ಎಂಬ ಕಿಣ್ವಗಳು ಕೋಶಭಿತ್ತಿಯನ್ನೂ, ಪ್ರೋಟಿಯೇಸ್ ಎಂಬ ಕಿಣ್ವ ಆ ಪೊರೆಯನ್ನೂ ಸಡಿಲಿಸುವುದರಿಂದ ಅದೇ ಒತ್ತಡಕ್ಕೆ ಹೆಚ್ಚು ಎಣ್ಣೆ ಹೊರಬರುತ್ತದೆ. ಆದರೆ ಕಿಣ್ವ ಕೆಲಸ ಮಾಡಲು ನೀರು ಬೇಕು. ತರಿಯಾಗಿ ಒಡೆದ ಬೀಜಕ್ಕೆ ಕಿಣ್ವದ ದ್ರಾವಣ ಚಿಮುಕಿಸಿ, 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಮುಚ್ಚಿಟ್ಟು, ತೇವಾಂಶ ಶೇ. 6ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಿದ ನಂತರವೇ ಗಾಣಕ್ಕೆ ಹಾಕಬೇಕು.

ಮತ್ತೊಂದು ಉತ್ತರ: ಆ ಒಣಗಿಸುವ ಹಂತವೇ ದೊಡ್ಡ ತಲೆನೋವು. ತೇವಗೊಂಡ ಶೇಂಗಾದಲ್ಲಿ ಬೂಷ್ಟು ಬೆಳೆದರೆ ಅಫ್ಲಟಾಕ್ಸಿನ್ ವಿಷದ ಭಯವಿದೆ. ಬೀಜದಲ್ಲೇ ಇರುವ, ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವ ಚುರುಕಾದರೆ ಎಣ್ಣೆಯ ಆಮ್ಲೀಯತೆ ಏರಿ, ಅದು ಬೇಗ ಕೆಡುತ್ತದೆ. ಕಿಣ್ವದ ಖರ್ಚು ಬೇರೆ. ಸಣ್ಣ ಗಾಣದವರು ಮೊದಲು ಬೀಜದ ತೇವಾಂಶವನ್ನು ಹದಕ್ಕೆ ತಂದು, ಹಿಂಡಿಯನ್ನು ಎರಡನೆಯ ಬಾರಿ ಅರೆದು ನೋಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು: ಒಣಗಿಸಲು ನಮಗೆ ಬಿಸಿಲೊಂದೇ ಗತಿಯಾದ್ದರಿಂದ, ಸದ್ಯಕ್ಕೆ ತೇವಾಂಶ ಅಳೆಯುವ ಯಂತ್ರವನ್ನಷ್ಟೇ ಕೊಳ್ಳುತ್ತೇವೆ.